ಒಂಬತ್ತನೇ ಹಾಡಿನ ನಂತರ

“ಥತ್! ಯಾರ್ರೀ ಅದು ಬಾಗಿಲು ತೆಗೆದಿದ್ದು? ಚಿನ್ನದಂಥ ಟೇಕ್ ಹಾಳಾಯ್ತಲ್ರೀ!”

ಶಿವಾನಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಹೊಗೆಸೊಪ್ಪಿನ ಬ್ಯಾರನ್ನು, ಅಪ್ಪನ ಬೀಗ, ಅಪ್ಪನ ಬಾಗಿಲು... ಯಾರು ಅಂತ ಕೇಳೋಕೆ ಇವನ್ಯಾರು?

“ಇದು ನಮ್ಮ ಬ್ಯಾರನ್ನು ಕಣ್ರೀ! ನೀವ್ಯಾರು?”

ಅವನು ಹುಣಸೂರಿನ ನಂಜುಂಡೇಶ್. ಕೊರಳಲ್ಲಿ ಗಿಟಾರು, ಮೂರು ದಿನದ ಗಡ್ಡ, ಹಿಂದೆ ಮೂವರು ಗೆಳೆಯರು. ‘ಕರಿಅಂಟು’ ಅಂತ ಅವರ ತಂಡ. ಆಲ್ಟರ್ನೇಟಿವ್ ರಾಕ್ ಅಂತೆ!

ಅದು ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಬಿಳಿಕೆರೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳೆಲ್ಲ ಖಾಲಿ ಬಿದ್ದಿರುವ ಕಾಲ. ದಪ್ಪ ಗೋಡೆ, ಒಳಗೆ ಗೋಣಿಚೀಲ ಇಳಿಬಿಟ್ಟರೆ ರೆಕಾರ್ಡಿಂಗಿಗೆ ಮೈಸೂರಿನ ಸ್ಟುಡಿಯೋಗಿಂತ ವಾಸಿ ಎಂದು ಅವನು ಶಿವಾನಿಯ ಅಪ್ಪ ಲಿಂಗಣ್ಣನನ್ನು ಒಪ್ಪಿಸಿಬಿಟ್ಟಿದ್ದ. ಮಗಳಿಗೆ ಒಂದು ಮಾತು ಹೇಳಬೇಕೆಂದು ಮಾತ್ರ ಯಾರಿಗೂ ತೋಚಿರಲಿಲ್ಲ.

“ಟೇಕ್ ನಾನ್ ಹಾಳು ಮಾಡ್ಲಿಲ್ಲ. ಹಾಡೇ ಹಾಳಾಗಿತ್ತು,” ಎಂದಳು. “ಕೊನೇ ಸಾಲು ಅಷ್ಟು ಕಿರುಚೋದಲ್ಲ. ಹಿಂಗೆ...”

‘ಬೆಂಕಿ ಸಣ್ಣಗಿಡು... ಹಸಿ ಎಲೆ ಇನ್ನೂ ಮಾತಾಡ್ತಿದೆ...’

ಸಿಟ್ಟಿನಲ್ಲಿ ಹಾಡಿದ್ದು. ಆದರೂ ಹಿಂದಿದ್ದ ಮೂವರೂ ವಾದ್ಯ ಕೆಳಗಿಟ್ಟರು.

ನಂಜುಂಡೇಶ್ ಅವಳನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ, “ಇನ್ನೊಂದ್ಸಲ...?”

ಆ ಒಂದು ಮಾತು ಅವಳ ಜೀವ ತಿನ್ನಲಿದೆ ಎಂದು ಅವಳಿಗೇನು ಗೊತ್ತು!

ಅವರ ಕ್ಯಾಸೆಟ್ಟಿಗೆ ಆ ಹಾಡು ಹಾಡಲು ಶಿವಾನಿ ಅಪ್ಪನ ಜೊತೆ ಮೂರು ದಿನ ಜಗಳವಾಡಿದಳು. ಎರಡು ಹೊತ್ತು ಊಟ ಬಿಟ್ಟಳು. ಲಿಂಗಣ್ಣ ಕೊನೆಗೆ, “ಹಾಡ್ಕೋ ಹೋಗತ್ಲಾಗೆ,” ಎಂದ. ಇಷ್ಟೆಲ್ಲ ಗೆದ್ದು ಬಂದರೆ ಆ ಮಹಾರಾಯ ಒಂದೇ ಹಾಡನ್ನು ಹದಿನೇಳು ಸಲ ಹಾಡಿಸಿದ. ಪ್ರತಿಸಲವೂ ಅದೇ ‘ಇನ್ನೊಂದ್ಸಲ’.

“ಚೆನ್ನಾಗಿಲ್ವೇನ್ರೀ? ಬಾಯಿಬಿಟ್ಟು ಹೇಳ್ರೀ!”

“ಚೆನ್ನಾಗಿದೆ... ಅದಕ್ಕೇ...”

ಅದಕ್ಕೇ ಏನು? ಮುಂದೆ ಹೇಳುತ್ತಲೇ ಇರಲಿಲ್ಲ ಪುಣ್ಯಾತ್ಮ. ರಾಗಕ್ಕೆ ಮಾತು ಕಟ್ಟುತ್ತಾನೆ, ಎದುರಿಗೆ ನಿಂತವಳಿಗೆ ಒಂದು ಮಾತು ಹೇಳಲಾರ. ಅವನ ಮೇಲೆ ರೇಗುತ್ತ ರೇಗುತ್ತಲೇ ಅವಳು ಅವನನ್ನು ಪ್ರೀತಿಸತೊಡಗಿದ್ದಳು. ಅದು ನೆನಪಾದಾಗಲೆಲ್ಲ ತನ್ನ ಮೇಲೂ ರೇಗುತ್ತಿತ್ತು.

ಆಗಸ್ಟ್‌ನಲ್ಲಿ ಕ್ಯಾಸೆಟ್ ಬಂತು. ‘ನೂರಾ ಅರವತ್ತು ಡಿಗ್ರಿ’, ಸೊಪ್ಪು ಬೇಯಿಸುವಾಗಿನ ಕೊನೇ ಬಿಸಿಯದೇ ಹೆಸರು. ಹುಣಸೂರಿನ ಅಂಗಡಿಯಲ್ಲಿ ಕೊಂಡು, ಬಸ್ಸಿನಲ್ಲೇ ಕವರ್ ಬಿಚ್ಚಿ ಓದಿದಳು. ಒಂಬತ್ತು ಹಾಡು. ಅವಳದ್ದಿಲ್ಲ. ಹೆಸರೂ ಇಲ್ಲ!

ಮನೆಗೆ ಬಂದು ಎರಡು ಸಲ ಕೇಳಿದಳು. ಒಂಬತ್ತನೆಯದು ಮುಗಿದ ಕೂಡಲೇ ಬರೀ ಸುಯ್ ಅನ್ನುವ ಸದ್ದು. ಎರಡು ಸಲವೂ ಟಪ್ಪೆಂದು ಆಫ್ ಮಾಡಿದಳು.

‘ಹದಿನೇಳು ಸಲ ಹಾಡ್ಸಿ ಕಸಕ್ಕೆ ಹಾಕಿದ್ಯಲ್ಲೋ...’ ಅಂದು ದಿಂಬು ನೆನೆಯುವಂತೆ ಅತ್ತಳು. ಅಪ್ಪನ ಮುಂದೆ ಇನ್ನು ಯಾವ ಮುಖ ಇಟ್ಟುಕೊಂಡು ಹಾಡಲಿ?

ಹದಿನೈದು ದಿನ ಕಳೆಯಿತು. ಬ್ಯಾರನ್ ಮುಂದೆ ಹಸಿ ಸೊಪ್ಪಿನ ರಾಶಿ. ಶಿವಾನಿ, ಕೂಲಿಗೆ ಬರುವ ಕೆಂಪಾಜಮ್ಮ, ಇನ್ನಿಬ್ಬರು ಹೆಂಗಸರು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಲಿಂಗಣ್ಣ ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದ.

“ಏನಾರ ಹಾಡು ಹಾಕವ್ವ, ಹೊತ್ತೋಗಲ್ಲ,” ಎಂದಳು ಕೆಂಪಾಜಮ್ಮ.

“ಕೇಳಿ, ಕೇಳಿ! ಮಹಾನುಭಾವರ ಘನಕಾರ್ಯ ಕೇಳಿ!” ಶಿವಾನಿ ಟೇಪ್‌ರೆಕಾರ್ಡರಿಗೆ ಅದೇ ಕ್ಯಾಸೆಟ್ಟಿನ ಎರಡನೇ ಮಗ್ಗುಲು ತುರುಕಿ, ಮತ್ತೆ ಸೊಪ್ಪಿಗೆ ಕೈಹಾಕಿದಳು.

ಒಂಬತ್ತನೇ ಹಾಡು ಮುಗಿಯುವ ಹೊತ್ತಿಗೆ ಟಿವಿಎಸ್ ಗಾಡಿ ಬಂದು ನಿಂತಿತು. ನಂಜುಂಡೇಶ್! ಅವನ ಮುಖವೂ ಸಿಡಿಸಿಡಿ.

“ಹದಿನೈದು ದಿನ ಆಯ್ತು ಕ್ಯಾಸೆಟ್ ಬಂದು. ಒಂದು ಮಾತಿಲ್ಲ, ಒಂದು ಫೋನಿಲ್ಲ. ಇಷ್ಟ ಆಗ್ಲಿಲ್ಲ ಅಂದ್ರೆ ಹೇಳ್ಬಾರ್ದೇನ್ರೀ?”

“ಆಹಾ! ನನ್ನ ದನಿ ಕಿತ್ತೆಸೆದು ಇಷ್ಟ ಆಯ್ತಾ ಅಂತ ಕೇಳೋಕ್ ಬಂದ್ರಾ?”

“ಕಿತ್ತೆಸೆದ್ನಾ? ಪೂರ್ತಿ ಕೇಳಿದ್ರಾ ನೀವು?”

“ಎರಡ್ಸಲ!”

ಟೇಪ್‌ರೆಕಾರ್ಡರ್ ಸುಯ್ ಎನ್ನುತ್ತಿತ್ತು.

“ಬ್ಯಾಟ್ರಿ ಶೆಲ್ಲು ಸುಮ್ನೆ ಖರ್ಚಾಯ್ತದೆ. ಆಫ್ ಮಾಡಮ್ಮಿ!” ಲಿಂಗಣ್ಣ ಕೂಗಿದ.

“ಕೈಯೆಲ್ಲ ಅಂಟು ಇರಪ್ಪ!”

ನಿಜವೇ. ಹಸಿ ಹೊಗೆಸೊಪ್ಪಿನ ಅಂಟು ಎಲ್ಲರ ಬೆರಳಿಗೂ ಕರ್ರಗೆ ಮೆತ್ತಿತ್ತು. ಆ ಕೈಯಲ್ಲಿ ಮುಟ್ಟಿದರೆ ಗುಂಡಿ ಅಲ್ಲೇ ಹಿಡಿದು ಕೂರುತ್ತದೆ. ಯಾರೂ ಏಳಲಿಲ್ಲ.

ನಂಜುಂಡೇಶ್ ಒಮ್ಮೆ ಟೇಪ್‌ರೆಕಾರ್ಡರ್ ನೋಡಿದ, ಒಮ್ಮೆ ಲಿಂಗಣ್ಣನನ್ನು ನೋಡಿದ. ಅವನಿಗೆ ಏನೋ ಹೊಳೆಯಿತು. ನಗು ತಡೆಯಲಾಗದೆ ತುಟಿ ಕಚ್ಚಿದ.

“ನಗ್ತೀರೇನ್ರೀ! ಅಪ್ಪನ ಹತ್ರ ಅನ್ನ ಬಿಟ್ಟು ಗೆದ್ದಿದ್ದು ಆ ಒಂದು ಹಾಡು. ನಂಗೆ ಅದೊಂದೇ ಇದ್ದಿದ್ದು! ಚೆನ್ನಾಗಿಲ್ಲ ಅಂತ ಅವತ್ತೇ ಹೇಳಿದ್ರೆ...”

“ಸ್ವಲ್ಪ ತಾಳ್ರೀ...”

“ಏನ್ ತಾಳೋದು! ಇನ್ನೆಷ್ಟು ತಾಳೋದು!”

‘ಬೆಂಕಿ ಸಣ್ಣಗಿಡು...’

ಶಿವಾನಿಯ ಬಾಯಿ ತೆರೆದೇ ಉಳಿಯಿತು. ಅವಳದ್ದೇ ದನಿ! ಬ್ಯಾರನ್ ಮುಂದಿನ ಬಯಲಿಗೆಲ್ಲ ಹರಡುತ್ತಿತ್ತು. ಕಡ್ಡಿ ಕಟ್ಟುವ ಕೈಗಳು ನಿಂತವು. ಹಾಡಿನ ಕೊನೆಯಲ್ಲಿ ಗಂಡಸಿನ ದನಿ, ‘ಇನ್ನೊಂದ್ಸಲ...’ ಅದಕ್ಕೆ ಹೆಣ್ಣಿನ ದನಿ, ‘ರೀ, ಸಾಕ್ಮಾಡ್ರೀ!’

“ಅದ್ಯಾರ್ ಸ್ವಾಮಿ ಅಂಗೆ ಹಾಡ್ತಿರೋದು? ಮೈ ಜುಂ ಅಂತದೆ,” ಎಂದಳು ಕೆಂಪಾಜಮ್ಮ.

ಲಿಂಗಣ್ಣ ಸೌದೆ ಕೆಳಗಿಟ್ಟ.

“ನನ್ ಮಗಳು ಕಣಮ್ಮಿ,” ಎಂದ.

ಆಮೇಲೆ ನಂಜುಂಡೇಶನ ಕಡೆ ತಿರುಗಿದ. “ಅವಳಿಗೆ ಹಾಡ್ಕೋ ಅಂದ್ರೂ ನಿಂಗೆ ಗುಟ್ಟಾಗಿ, ಕ್ಯಾಸೆಟ್ನಾಗೆ ಹೆಣ್ಮಗಳ ಹಾಡು ಬ್ಯಾಡ, ಹೆಸ್ರು ಬ್ಯಾಡ, ಅವಳಿಗೂ ಹೇಳ್ಬ್ಯಾಡ ಅಂದಿದ್ದೆ. ಆದ್ರೂ ಹಾಕಿದೀಯ.”

“ತಪ್ಪಾಯ್ತು ಯಜಮಾನ್ರೇ. ಅಳಿಸೋಕೆ ಕೈ ಬರ್ಲಿಲ್ಲ.”

“ಇನ್ನಷ್ಟು ಕ್ಯಾಸೆಟ್ ಮಾಡ್ಸಿದ್ರೆ ಹೆಸ್ರು ಹಾಕ್ಸು. ದೊಡ್ಡಕ್ಷರದಾಗೆ.” ಲಿಂಗಣ್ಣ ಮುಖ ತಿರುಗಿಸಿ ಒಲೆಯ ಕಡೆ ಹೋದ. ಹೊಗೆಯಿಲ್ಲದಿದ್ದರೂ ಕಣ್ಣೊರೆಸಿಕೊಂಡ.

ಶಿವಾನಿ ನಂಜುಂಡೇಶನನ್ನು ಬೇಲಿಯ ಪಕ್ಕಕ್ಕೆ ಕರೆದಳು.

“ಒಂಬತ್ತನೇ ಹಾಡಾದ್ಮೇಲೆ ಅಷ್ಟು ಹೊತ್ತು ಯಾಕ್ರೀ ಖಾಲಿ ಬಿಟ್ಟಿದ್ದು?”

“ನಿಮ್ಮಪ್ಪ ಶೆಲ್ಲು ಉಳ್ಸೋಕೆ ಆಫ್ ಮಾಡ್ತಾರೆ, ನೀವು ಕೊನೇತನಕ ಕೇಳ್ತೀರ ಅಂದ್ಕೊಂಡೆ. ನೀವೂ ಅವರ ಮಗಳೇ ಅನ್ನೋದು ಮರ್ತೋಯ್ತು...”

ಅಳಬೇಕೋ ನಗಬೇಕೋ ತಿಳಿಯಲಿಲ್ಲ ಅವಳಿಗೆ. “ಇಷ್ಟೊಂದು ಸರ್ಕಸ್ಸು! ಮನಸಲ್ಲಿರೋದು ನೆಟ್ಟಗೆ ಹೇಳೋಕೆ ಬರಲ್ವಾ ನಿಮಗೆ?”

ಅವನು ಬೇಲಿಯ ಎಲೆಯೊಂದನ್ನು ಕಿತ್ತ.

“ಹಾಡು ಮೊದಲ ಸಲಕ್ಕೇ ಚೆನ್ನಾಗಿತ್ತು. ನೀವು ಮನೆಗೆ ಹೋಗ್ಬಿಡ್ತೀರಲ್ಲ ಅಂತ ಇನ್ನೊಂದ್ಸಲ ಅಂತಿದ್ದೆ. ನಂಗೆ... ನೀವಂದ್ರೆ ಪ್ರಾಣ ಕಣ್ರೀ.”

ಶಿವಾನಿ ಅಂಟು ಮೆತ್ತಿದ ಕೈಯಿಂದ ಅವನ ಕೈ ಹಿಡಿದಳು. ಬಿಡಿಸಿಕೊಳ್ಳಬೇಕೆಂದರೂ ಸುಲಭಕ್ಕೆ ಬಿಡದ ಅಂಟು ಅದು.

“ಇನ್ನೊಂದ್ಸಲ,” ಎಂದಳು.

“ಆಂ?”

“ಹದಿನೇಳು ಸಲ ಹಾಡಿದ್ದೀನಿ. ಹೇಳ್ರೀ... ಇನ್ನೊಂದ್ಸಲ.”