ಸೇಬು ಹಿಂಡಿದ ದಿನದ ತಪ್ಪು

“ಆ ಪಾಪಿ ಜೊತೆ ದೋಣಿ ಹತ್ತಿದ್ರೆ ಈ ಹೊಸ್ತಿಲು ತುಳೀಬೇಡ, ಎದೆಲ್ಮಿರಾ!”

ಅತ್ತೆ ಕ್ಲೋರಿಂದಾ ಬಿಸಿನೀರಿನ ಕೆಟಲನ್ನು ಮೇಜಿನ ಮೇಲೆ ದಡಕ್ಕನೆ ಕುಕ್ಕಿದಳು. ಪಾಪಿ ಎಂದು ಆಕೆ ಬೈದದ್ದು ಹೆತ್ತ ಮಗನನ್ನೇ! ನಾಲ್ಕು ವರ್ಷದ ಹಿಂದೆ ಚಿಲೊಯೆ ದ್ವೀಪದ ಆ ಕೊರೆಯುವ ಕಡಲಲ್ಲಿ ದೊಡ್ಡ ಮಗ, ಎದೆಲ್ಮಿರಾಳ ಗಂಡ ಎಲಿಸೆಯೊ ಚಿಪ್ಪು ಹೆಕ್ಕಲು ಮುಳುಗಿದ್ದ. ಮೇಲೆ ದೋಣಿಯಲ್ಲಿ ಅವನಿಗೆ ಉಸಿರು ಕಳಿಸುವ ಗಾಳಿಯಂತ್ರದ ಮುಂದೆ ಕೂತಿದ್ದವನು ತಮ್ಮ ನೊಲ್ಬೆರ್ತೊ. ಯಂತ್ರ ತನ್ನ ಹೊಗೆಯನ್ನೇ ಎಳೆದು ಕೆಳಗಿದ್ದವನ ಬಾಯಿಗೆ ತಳ್ಳಿತು. ಅಣ್ಣ ಹೆಣವಾಗಿ ಮೇಲೆ ಬಂದ. ಮಣ್ಣು ಮಾಡಿದ ದಿನವೇ ತಾಯಿ ಕಿರಿಯವನನ್ನು ಮನೆಯಿಂದಾಚೆ ಅಟ್ಟಿ, ಸೊಸೆಯನ್ನು ಮಾತ್ರ ಎದೆಗೆ ಅವಚಿಕೊಂಡಳು.

“ನನಗೆ ಉಳಿದಿರೋದು ನೀನೊಬ್ಬಳೇ ಕಣೇ...” ಎಂದಳು ಅತ್ತೆ.

ಎದೆಲ್ಮಿರಾಳಿಗೂ ಅಷ್ಟೇ. ತವರಿಲ್ಲ, ಮಕ್ಕಳಿಲ್ಲ. ಗಂಡ ಕಲಿಸಿದ ಮುಳುಗುವ ಕಸುಬು, ಈ ಅತ್ತೆ, ಇವೆರಡೇ ಅವಳ ಸಂಸಾರ. ಆದರೆ ಚಿಪ್ಪಿನ ಹಂಗಾಮು ಇರುವುದೇ ನಾಲ್ಕು ದಿನ. ಅವಳ ದೋಣಿಯಲ್ಲಿ ಗಾಳಿಯಂತ್ರ ನೋಡಿಕೊಳ್ಳುವ ಮುದುಕ ಉಲೀಸೆಸ್ ಕೈ ಮುರಿದುಕೊಂಡು ಮಲಗಿದ್ದ. ಗಂಡ ಕಡಲಲ್ಲಿ ಸತ್ತ ಅಪಶಕುನದ ಹೆಣ್ಣಿನ ದೋಣಿಗೆ ಬೇರೆ ಯಾವ ಗಂಡಸು ಬರುತ್ತಾನೆ? ಬಂದವನು ಒಬ್ಬನೇ, ಯಾರೂ ಕೆಲಸ ಕೊಡದ ನೊಲ್ಬೆರ್ತೊ.

“ಕೆಲಸಕ್ಕಷ್ಟೇ ಅತ್ತೆ. ಅವನ ಜೊತೆ ಮಾತೂ ಆಡಲ್ಲ,” ಎಂದು ಹೊರಟೇಬಿಟ್ಟಳು.

ಆಡಲೂ ಇಲ್ಲ. ದೋಣಿಯಲ್ಲಿ ಅವನು ಯಂತ್ರ ಹೊರಗಿನ ಗಾಳಿ ಎಳೆದುಕೊಳ್ಳುವ ಪೈಪನ್ನು ಉದ್ದನೆಯ ಕೋಲಿಗೆ ಬಿಗಿದು, ಹೊಗೆ ತಾಗದಷ್ಟು ಎತ್ತರಕ್ಕೆ ನಿಲ್ಲಿಸಿದ. ಗಂಟು ನೋಡಿದ. ಮತ್ತೆ ನೋಡಿದ. ಅವಳು ಉಸಿರಿನ ಕೊಳವೆ ಕಚ್ಚಿ ನೀರಿಗಿಳಿದಳು. ಅಬ್ಬಾ, ಆ ಕತ್ತಲೆ! ಬಂಡೆಯಿಂದ ಚಿಪ್ಪು ಕೀಳುತ್ತಲೇ ಒಂದೊಂದು ಉಸಿರಲ್ಲೂ ಹೊಗೆಯ ವಾಸನೆ ಹುಡುಕಿದಳು. ಗಂಡ ಸತ್ತದ್ದು ಹೀಗೇ, ಇಷ್ಟೇ ಒಂಟಿಯಾಗಿ... ಗಾಳಿ ಮಾತ್ರ ಕೊನೆಯವರೆಗೂ ಶುದ್ಧವಾಗಿಯೇ ಬಂತು.

ಮೇಲೆ ಬಂದವಳಿಗೆ ಅದೇ ತಡೆಯಲಾಗಲಿಲ್ಲ.

“ಇವತ್ತು ಇಷ್ಟು ಜೋಪಾನ! ಈ ಬುದ್ಧಿ ಅವತ್ತು ಎಲ್ಲಿ ಸತ್ತಿತ್ತು? ಪೈಪು ಯಾಕೆ ಕಟ್ಟಲಿಲ್ಲ ಅವತ್ತು?”

“ಬಿಡಿ ಅತ್ತಿಗೆ.”

“ಬೊಗಳೋ!”

“ದೋಣೀಲಿ ಪೈಪೇ ಇರಲಿಲ್ಲ...” ಅವನು ಮುಖ ತಿರುಗಿಸಿದ. “ಹಿಂದಿನ ದಿನ ನೀವು ಸೇಬು ಹಿಂಡಿದ್ರಲ್ಲ.”

ಎದೆಲ್ಮಿರಾ ಚಿಪ್ಪಿನ ಚೀಲ ಕೆಳಗಿಟ್ಟಳು. ಸೇಬಿನ ಹೆಂಡಕ್ಕೆಂದು ಹಿಂಡಿದ ರಸ! ಪೀಪಾಯಿಯಿಂದ ಜಾಡಿಗಳಿಗೆ ಇಳಿಸಲು ತಾನೇ ದೋಣಿಗೆ ಬಂದು ಆ ಪೈಪು ಕಳಚಿ ಒಯ್ದಿದ್ದಳು. ಮರಳಿ ತಂದಿಟ್ಟಳೇ? ನಗು, ಹಾಡು, ಗಂಡನ ತಮಾಷೆ ಎಲ್ಲ ನೆನಪಾಯಿತು. ತಂದಿಟ್ಟದ್ದು ಮಾತ್ರ ನೆನಪಾಗಲಿಲ್ಲ.

“ಅಣ್ಣ ಸತ್ತ ಸಂಜೆ ಆ ಪೈಪು ನಿಮ್ಮ ಪೀಪಾಯಿ ಹತ್ರ ಸಿಕ್ತು. ಯಾರ ಕಣ್ಣಿಗೂ ಬೀಳಬಾರದು ಅಂತ ಸಮುದ್ರಕ್ಕೆ ಎಸೆದೆ. ಆದ್ರೂ ನೋಡದೆ ಯಂತ್ರ ಹಚ್ಚಿದವನು ನಾನು. ತಪ್ಪು ನಂದೇ.”

“ನಾಲ್ಕು ವರ್ಷ! ಯಾಕೋ ಬಾಯಿ ಬಿಡಲಿಲ್ಲ?”

“ಹೇಳಿದ್ರೆ ಅಮ್ಮ ನಿಮ್ಮನ್ನೂ ಅಟ್ಟಿಬಿಡ್ತಿದ್ಲು. ಆಮೇಲೆ ಅವಳಿಗೆ ಯಾರಿದ್ರು ಅತ್ತಿಗೆ?”

ದಡ ಮುಟ್ಟುವವರೆಗೂ ಅವಳು ಬಿಕ್ಕಿಬಿಕ್ಕಿ ಅತ್ತಳು. ಸುಮ್ಮನಿದ್ದರೆ ಮನೆ ಉಳಿಯುತ್ತಿತ್ತು, ಅತ್ತೆಯ ಪ್ರೀತಿಯೂ ಉಳಿಯುತ್ತಿತ್ತು. ಅವನಂತೂ ಸಾಯುವವರೆಗೂ ಹೇಳುವವನಲ್ಲ! ಆದರೆ ಅವನ ಅನ್ನ ಕಸಿದು ಉಂಡ ಹಾಗಲ್ಲವೇ ಅದು? ನೇರ ಮನೆಗೆ ಹೋಗಿ, ನಿಂತಲ್ಲೇ ನಿಂತು, ಎಲ್ಲವನ್ನೂ ಅತ್ತೆಗೆ ಹೇಳಿಬಿಟ್ಟಳು.

ಕ್ಲೋರಿಂದಾ ಬೈಯಲಿಲ್ಲ. ಅಳಲಿಲ್ಲ. ಒಲೆಗೆ ಕಟ್ಟಿಗೆ ಒಡ್ಡುತ್ತಾ, “ಅವನು ಇನ್ನೂ ದಡದಲ್ಲೇ ಇದ್ದಾನಾ?” ಎಂದಳು.

“ಹೂಂ ಅತ್ತೆ.”

“ಊಟಕ್ಕೆ ಕರಿ.”

ಎದೆಲ್ಮಿರಾ ಓಡುತ್ತಾ ಹೋಗಿ ಕರೆತಂದಳು. ಒಲೆ ಉರಿಯುತ್ತಿತ್ತು, ಆಲೂಗಡ್ಡೆ ರೊಟ್ಟಿ, ಬಿಸಿ ಸಾರು ಸಿದ್ಧವಾಗಿದ್ದವು. ಮೇಜಿನ ಮೇಲೆ ಎರಡೇ ತಟ್ಟೆ.

“ಕೂತ್ಕೋ ಮಗನೇ, ಆರಿಹೋಗುತ್ತೆ,” ಎಂದಳು ತಾಯಿ. ಸೊಸೆಯ ಕಡೆ ಕಣ್ಣೆತ್ತಲಿಲ್ಲ.

“ಅಮ್ಮಾ... ಅತ್ತಿಗೆಗೆ?”

ತಾಯಿ ಅವನ ತಟ್ಟೆಗೆ ಸಾರು ಬಡಿಸಿದಳು.

“ನನಗೆ ಹಸಿವಿಲ್ಲ ಮಾರಾಯ,” ಎದೆಲ್ಮಿರಾ ಗೂಟದಿಂದ ಕೋಟು ತೆಗೆದುಕೊಂಡಳು. “ನೀನು ಕೂತ್ಕೋ. ಅಮ್ಮ ಬಡಿಸ್ತಿದ್ದಾಳೆ, ಎದ್ದು ಬರಬೇಡ. ನಾಳೆ ಏಳಕ್ಕೆ ದೋಣಿ ಹತ್ರ ಬಾ. ಹಂಗಾಮು ಇನ್ನೂ ಮೂರು ದಿನ ಇದೆ.”

ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ದಡದಲ್ಲಿ ದೋಣಿ ಇಡುವ ಗುಡಿಸಲ ಕಡೆಗೆ ನಡೆದಳು. ಹಿಂದೆ ತಾಯಿ ಮಗ ತಬ್ಬಿಕೊಂಡು ಅಳುವುದು ಕೇಳಿಸುತ್ತಿತ್ತು. ಅವಳು ನಿಲ್ಲಲಿಲ್ಲ.