ಎಡಗೆನ್ನೆಯ ಫೋಟೋ

“ನಮ್ಮ ಫೋನಿಗೆ ಒಕ್ಕಣ್ಣ ಅಂದ್ರಂತಲ್ರೀ?”

ಅಂಗಡಿಗೆ ಕಾಲಿಡುತ್ತಲೇ ಗೌತಮಿ ಕೇಳಿದಳು. ಗಾಜು ಒರೆಸುತ್ತಿದ್ದ ಜಂಬುನಾಥನ ಕೈ ನಿಂತಿತು.

“ನಾನಲ್ರೀ, ಗಿರಾಕಿ ಅಂದಿದ್ದು. ನಾನು ಬರೀ ನಕ್ಕೆ.”

“ನಕ್ರ ಅಂದಂಗಲ್ಲೇನು?”

ಬಳ್ಳಾರಿಯ ಬೆಂಗಳೂರು ರೋಡಿನ ಆ ಮೊಬೈಲ್ ಅಂಗಡಿಯಲ್ಲಿ ಇಬ್ಬರೂ ಎದುರಾಳಿ ಕಂಪನಿಗಳ ಪ್ರಮೋಟರ್‌ಗಳು, ತಂತಮ್ಮ ಕಂಪನಿಯ ಫೋನು ಮಾರಲು ನಿಂತವರು. ಅವನದು ಮೂರು ಕ್ಯಾಮೆರಾದ ಫೋನು. ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತದೆ, ಆದರೆ ಬೆನ್ನು ಉಬ್ಬಿ ಮೇಜಿನ ಮೇಲೆ ನೆಟ್ಟಗೆ ಕೂರುವುದಿಲ್ಲ. ಅವಳದು ಒಂದೇ ಕ್ಯಾಮೆರಾ, ಹಪ್ಪಳದಂಥ ತೆಳು ಮೈ. ಆರು ತಿಂಗಳಿಂದ ಗಿರಾಕಿಗಳ ಮುಂದೆ ವಾದ ಮಾಡಿ, ಅವರು ಹೋದ ಮೇಲೆ ಒಂದು ಚಹಾ ಎರಡು ಮಾಡಿ ಕುಡಿಯುತ್ತಿದ್ದರು.

ಮಾಲೀಕ ದೊಡ್ಡಬಸವರಾಜನಿಗೆ ಸಾಕಾಯಿತು. “ಭಾನುವಾರ ಇಬ್ರೂ ಹೋಗ್ರಿ. ಒಂದೇ ಜಾಗ, ಎರಡೂ ಫೋನು. ಯಾವುದು ಚೊಲೋ ಅಂತ ಅಂಗಡಿ ಪೇಜಿಗೆ ನೀವೇ ಬರದು ಹಾಕ್ರಿ.”

ಮೊದಲು ಹೋದದ್ದು ಗೌತಮಿಯ ಊರು ಸಿರುಗುಪ್ಪಕ್ಕೆ. ಕಾಲುವೆಯ ಏರಿ ಮೇಲೆ ನಿಂತು ಜಂಬುನಾಥ ದೂರದ ಕೊಕ್ಕರೆಗೆ ಫೋನು ಹಿಡಿದ. ರೆಕ್ಕೆಯ ಗರಿ ಗರಿಯೂ ಬಂತು. ಅವಳ ಫೋನಿನಲ್ಲಿ ಅದೊಂದು ಬಿಳಿ ಚುಕ್ಕೆ.

“ಇದು ನಿಮ್ದು ಗೆದ್ದಂಗ,” ಎಂದಳು. ಮರುಗಳಿಗೆ ಅವನ ಪರದೆ ಮೇಲಿನ ಭತ್ತದ ಗದ್ದೆ ನೋಡಿ ಹುಬ್ಬು ಹಾರಿಸಿದಳು. “ಪೈರು ಇಷ್ಟು ಹಸರ ಇದ್ರ ಯೂರಿಯಾ ಜಾಸ್ತಿ ಬಿದ್ದೈತಿ ಅಂತ ಅರ್ಥ. ನಿಮ್ಮ ಫೋನಿಗೆ ಒಕ್ಕಲುತನ ಗೊತ್ತಿಲ್ಲ ಬಿಡ್ರಿ.”

ಅವನು ನಕ್ಕ. ಅವಳೂ ನಕ್ಕಳು. ಆದರೆ ಎಂದಿನಂತೆ ಬಲಗೆನ್ನೆಯನ್ನಷ್ಟೇ ಅವನತ್ತ ಇಟ್ಟು.

ಮಧ್ಯಾಹ್ನ ಅವನ ಊರು ಕುರುಗೋಡಿಗೆ ಬಂದರು. ಮುಖದ ಫೋಟೋ ಒಂದು ಬಾಕಿ ಇತ್ತು. ಬೆಟ್ಟದ ಬುಡದಲ್ಲಿ ಗೌತಮಿ ಬಂಡೆಗೆ ಒರಗಿ, ಒಂದು ಕ್ಷಣ ಯೋಚಿಸಿ, ಮುಖವನ್ನು ಪೂರ್ತಿ ಅವನತ್ತ ತಿರುಗಿಸಿದಳು. ಎಡಗೆನ್ನೆಯಿಂದ ಗದ್ದದವರೆಗೆ ಸುಟ್ಟ ಕಲೆ.

“ಟೆಸ್ಟ್ ಅಂದ್ರ ಟೆಸ್ಟ್. ತಗೀರಿ.”

ತೆಗೆದ. ಅವನ ಫೋನಿನಲ್ಲಿ ಕಲೆಯೇ ಇರಲಿಲ್ಲ. ಮುಖ ನುಣುಪು ಮಾಡುವ ಬ್ಯೂಟಿ ಸೆಟ್ಟಿಂಗ್ ಸೊನ್ನೆಯಲ್ಲೇ ಇತ್ತು. ಮತ್ತೆ ತೆಗೆದ, ಮತ್ತೆ ಇಲ್ಲ. ಯಾರನ್ನೂ ಕೇಳದೆ ಫೋನು ತಾನೇ ಅಳಿಸಿಬಿಟ್ಟಿತ್ತು.

ಗೌತಮಿ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದಳು.

“ಹಿಂಗ ಇರತಿದ್ದೆ ನಾನು,” ಎಂದಳು ಮೆಲ್ಲಗೆ. “ಒಂಬತ್ತು ವರ್ಷದಾಕಿ ಇದ್ದಾಗ ಅವ್ವನ ಮಿರ್ಚಿ ಬಂಡಿ ಹತ್ರ ಆಡತಿದ್ದೆ. ಬಾಣಲಿ ಮಗಚಿ ಬಿತ್ತು. ಅವ್ವ ಇವತ್ತಿಗೂ ಈ ಕಡಿ ನೋಡಂಗಿಲ್ಲ.”

ಜಂಬುನಾಥ ಅವಳ ಫೋನಿನಿಂದ ಇನ್ನೊಂದು ಫೋಟೋ ತೆಗೆದ. ಬಂಡೆಯ ಬಣ್ಣ ಸ್ವಲ್ಪ ಮಂಕು. ಅವಳು ಮಾತ್ರ ಇದ್ದ ಹಾಗೇ ಇದ್ದಳು.

“ಇದರಾಗ ನೀವದೀರಿ.”

“ಕನಿಕರ ಬ್ಯಾಡ್ರಿ.”

“ಕನಿಕರ ಅಲ್ರೀ. ನಿಮಗ ನಗು ಬರಾಕತ್ರ ಮೊದ್ಲು ಆ ಕಲಿ ಹತ್ರ ಮಡಿಕಿ ಬೀಳತೈತಿ, ಆಮ್ಯಾಲ ತುಟಿ ಅಳ್ಳಾಡತೈತಿ. ನೀವು ನನಗ ಮುಖ ತೋರಸಂಗಿಲ್ಲ, ಆದ್ರ ಅಂಗಡಿ ಕನ್ನಡಿ ತೋರಸತೈತಿ. ದಿನಾ ಅದನ್ನ ಕಾಯ್ತೀನಿ. ನನ್ನ ಫೋನಿನ ಫೋಟೋದಾಗ ನೀವು ನಗತೀರೋ ಇಲ್ಲೋ ನನಗ ತಿಳೀವಲ್ದು.”

ಗಾಳಿಗೆ ಅವಳ ಓಢಣಿ ಜಾರಿತು. ಸರಿಮಾಡಿಕೊಳ್ಳಲಿಲ್ಲ.

“ಇದಕ್ಕ ಏನಂತಾರ ಗೊತ್ತೈತೇನ್ರಿ?”

“ಗೊತ್ತೈತಿ. ಹೇಳಾಕ ಧೈರ್ಯ ಇರಲಿಲ್ಲ.”

ಅವಳು ತನ್ನ ಫೋನು ಇಸಿದುಕೊಂಡು ಬಸ್ಸಿನ ಕಡೆ ಹೊರಟಳು. ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತರು.

ಪೇಜಿಗೆ ಅವನೇ ಬರೆದ: ‘ದೂರದ್ದು ಬೇಕಾದರೆ ನನ್ನ ಫೋನು, ಹತ್ತಿರದವರು ಬೇಕಾದರೆ ಗೌತಮಿಯವರ ಫೋನು. ನನ್ನದು ಕೇಳದೆಯೇ ಮುಖ ತಿದ್ದುತ್ತದೆ. ಕೊಳ್ಳುವ ಮೊದಲು ತಿಳಿದಿರಲಿ.’

ಸೋಮವಾರವೇ ಅವನ ಕಂಪನಿಯಿಂದ ಕರೆ ಬಂತು. ಬಳ್ಳಾರಿ ಕೌಂಟರ್ ಹೋಯಿತು. ನಾಳೆಯಿಂದ ಸಿರುಗುಪ್ಪದ ಸಣ್ಣದೊಂದು ಅಂಗಡಿ.

ಬ್ಯಾಗಿಗೆ ಸಾಮಾನು ತುಂಬುತ್ತಿದ್ದವನ ಹತ್ತಿರ ಗೌತಮಿ ಬಂದು ನಿಂತಳು. ಕಣ್ಣು ತೇವವಾಗಿತ್ತು.

“ಹಂಗ ಬರಿ ಅಂತ ನಿನಗ ಯಾರು ಹೇಳಿದ್ರು?”

ನಿನಗ! ಜಂಬುನಾಥ ತಲೆ ಎತ್ತಿದ.

“ನಮ್ಮೂರ ಬಸ್ ಸ್ಟ್ಯಾಂಡ್ ಎದುರಿಗೆ ಅವ್ವನ ಬಂಡಿ ಐತಿ. ಜಡೆಮ್ಮ ಅಂತ ಕೇಳು. ಕುರುಗೋಡಿನಾಗ ನನಗ ಹೇಳಿದ್ದು ಅಕಿಗೂ ಹೇಳು.”

ಮರುದಿನ ಸಂಜೆ ಅವನು ಹೋದ. ಮಿರ್ಚಿ ತಿನ್ನುತ್ತ, ತಡವರಿಸುತ್ತ, ನಗುವಿಗಿಂತ ಮೊದಲು ಬೀಳುವ ಆ ಮಡಿಕೆಯ ಮಾತು ಹೇಳಿದ. ಜಡೆಮ್ಮನ ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು. ಅವಳು ಒಲೆ ಸಣ್ಣ ಮಾಡಿದಳು.

ಬಳ್ಳಾರಿ ಬಸ್ಸು ಬಂತು. ಇಳಿದು ಬಂದ ಮಗಳ ಗದ್ದ ಹಿಡಿದು, ಜಡೆಮ್ಮ ಆ ಎಡಗೆನ್ನೆಯನ್ನು ಬಂಡಿಯ ಬಲ್ಬಿನ ಬೆಳಕಿಗೆ ತಿರುಗಿಸಿದಳು. ಹಿಟ್ಟು ಹತ್ತಿದ ಬೆರಳಿನಿಂದ ಕಲೆಯನ್ನು ಮೇಲಿನಿಂದ ಕೆಳಗಿನವರೆಗೂ ಸವರಿದಳು.

“ಯಾರವಾ ಈ ಹುಡುಗ?” ಎಂದಳು ಕೊನೆಗೆ, ದನಿ ಒಡೆದು.

ಗೌತಮಿ ಮುಖ ತಿರುಗಿಸದೆ ಅವನನ್ನೇ ನೋಡಿದಳು. ಮೊದಲು ಮಡಿಕೆ ಬಿತ್ತು, ಆಮೇಲೆ ತುಟಿ.

“ನನ್ನವ, ಅವ್ವಾ.”