ಹೊನ್ನಬಾವುಟ ಇಳಿಸಲಾರದ ರಾಜಕುಮಾರ

ಬಹಳ ಬಹಳ ಹಿಂದೆ, ಬೆಟ್ಟಗಳು ಮಲಗಿ ನಿದ್ದೆ ಮಾಡುತ್ತಿದ್ದ ಕಾಲದಲ್ಲಿ, ಮೇಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಹೇಮಾಂಗ ಎಂಬ ರಾಜಕುಮಾರನಿದ್ದ. ತಂದೆ ತೀರಿಕೊಂಡು ಆರು ತಿಂಗಳಾಗಿತ್ತು. ಪಟ್ಟ ಕಟ್ಟಲು ಒಳ್ಳೆಯ ಮುಹೂರ್ತಕ್ಕೆ ಕಾಯುತ್ತಿದ್ದರು. ಹೇಮಾಂಗ ಕೆಟ್ಟವನೇನೂ ಅಲ್ಲ. ಆದರೆ ಯಾರಾದರೂ ತನ್ನನ್ನು ನೋಡಿ ಅಯ್ಯೋ ಪಾಪ ಅಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಏಳು ರಾಜ್ಯಗಳಿಗೂ ಸೇರಿ ಒಂದು ಕಟ್ಟಳೆ ಇತ್ತು. ಯಾವ ರಾಜ್ಯಕ್ಕಾದರೂ ನೆರೆಯೋ ಬೆಂಕಿಯೋ ಬಂದರೆ, ಆ ರಾಜ್ಯದವರು ಕೋಟೆಯ ಮೇಲಿನ ಹೊನ್ನಬಾವುಟ ಇಳಿಸಿ, ಮೈಮೇಲೆ ಉಟ್ಟ ಯಾವುದಾದರೂ ಹರಕು ಬಟ್ಟೆಯನ್ನು ಏರಿಸಬೇಕು. ಅದನ್ನು ಕಂಡವರು ಯಾಕೆ ಏನು ಎಂದು ಕೇಳದೆ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬರಬೇಕು. ಹೊನ್ನಬಾವುಟ ಹಾರುತ್ತಿದ್ದರೆ ಅಲ್ಲಿ ಎಲ್ಲ ಕ್ಷೇಮ ಎಂದರ್ಥ. ಅಂಥ ರಾಜ್ಯದೊಳಕ್ಕೆ ಗುಂಪು ಕಟ್ಟಿಕೊಂಡು ಹೋದರೆ ಅದು ದಂಡಯಾತ್ರೆ, ಸಹಾಯ ಅಲ್ಲ.

ಮೇಗಿರಿಯವರು ಒಂಬತ್ತು ತಲೆಮಾರಿನಿಂದ ಹರಕು ಬಟ್ಟೆ ಏರಿಸಿರಲಿಲ್ಲ. ಹಾಗೆಂದು ಹೇಳಿಕೊಳ್ಳುವುದೇ ಅವರಿಗೊಂದು ಹಬ್ಬ. ನಾಲ್ಕು ಜನ ಸೇರಿದ ಕಡೆ ಅದೇ ಮಾತು, ಮದುವೆ ಮನೆಯಲ್ಲೂ ಅದೇ ಮಾತು.

ಒಂದು ಬೆಳಿಗ್ಗೆ ಮೇಗಿರಿಯ ಬೆಟ್ಟ ನಿದ್ದೆಯಲ್ಲಿ ಮಗ್ಗುಲು ಬದಲಿಸಿತು. ಅರಮನೆಗೆ ಏನೂ ಆಗಲಿಲ್ಲ, ಅದು ಬಂಡೆಯ ಮೇಲಿತ್ತು. ಕೆಳಗಿನ ಪೇಟೆ ಮಾತ್ರ ಮಣ್ಣುಪಾಲಾಯಿತು. ಬದುಕಿದವರು ಖಾಲಿ ಬಿದ್ದಿದ್ದ ಹಳೆಯ ಆನೆಲಾಯದಲ್ಲಿ ಹೋಗಿ ಕೂತರು. ಎಣ್ಣೆ ಗಾಣದ ಮನೆಯೊಳಗೆ ಹದಿನಾಲ್ಕು ಜನ ಸಿಕ್ಕಿಬಿದ್ದರು. ಅವರು ಒಳಗಿನಿಂದ ಗೋಡೆ ಬಡಿಯುವ ಸದ್ದು ಹೊರಗೆ ಕೇಳಿಸುತ್ತಿತ್ತು.

ಹೇಮಾಂಗ ಮಾಳಿಗೆಯಿಂದ ಇದನ್ನೆಲ್ಲ ನೋಡಿದ. ಮುದಿ ಕಾವಲುಗಾರ ಹತ್ತಿರ ಬಂದು, "ಬಾವುಟ ಇಳಿಸೋಣವೇ ಪ್ರಭು?" ಎಂದು ಕೇಳಿದ.

"ಬೇಡ," ಅಂದ ಹೇಮಾಂಗ. "ಪಟ್ಟಕ್ಕೆ ಮೊದಲೇ ಹರಕು ಬಟ್ಟೆ ಏರಿಸಿದವನು ಎಂದು ಏಳು ರಾಜ್ಯದವರೂ ನಗುತ್ತಾರೆ."

ಮೇಲೆದ್ದ ಧೂಳು ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಬಿಳಿ ಕುದುರೆಯ ಮೇಲೆ ಒಬ್ಬ ಮಾಂತ್ರಿಕ ಬಂದ. ಹೆಸರು ಮೃದುಹಾಸ. ಕೈಯಲ್ಲಿ ಬೆಳ್ಗೊಡೆ ಎಂಬ ಒಂದು ಬಿಳಿ ಕೊಡೆ, ಬಾಯಲ್ಲಿ ಬೆಣ್ಣೆಯಂಥ ಮಾತು.

"ರಾಜಕುಮಾರಾ, ನಾನು ಬೆಳ್ಗೊಡೆ ಮಂಡಲಿಯವನು. ನೊಂದವರ ಸೇವೆಯೇ ನನ್ನ ಕೆಲಸ. ನೀವು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ, ಬಾವುಟ ಇಳಿಸಬೇಕಾಗಿಲ್ಲ. ಅರಮನೆ ಕಣಜದ ಬೀಗದ ಕೈ ನನಗೆ ಕೊಡಿ. ಎಲ್ಲರಿಗೂ ಉಣ್ಣಿಸಿ, ಸಿಕ್ಕಿಬಿದ್ದವರನ್ನೂ ಹೊರಗೆ ತೆಗೆಯುತ್ತೇನೆ. ನೀವು ಕೆಳಗಿಳಿದು ನೋಡುವ ಕಷ್ಟವೂ ಬೇಡ, ಈ ಕನ್ನಡಿಯಲ್ಲಿ ನೋಡಿ."

ಹೇಮಾಂಗ ಬೀಗದ ಕೈ ಕೊಟ್ಟುಬಿಟ್ಟ. ನೀನು ಯಾರು, ಎಲ್ಲಿಯವನು, ಹಿಂದೆ ಯಾರಿಗೆ ಉಣ್ಣಿಸಿದ್ದೀಯ ಎಂದು ಒಂದು ಮಾತೂ ಕೇಳಲಿಲ್ಲ. ಒಂದು ತಂಬಿಗೆ ಹಾಲು ಕೊಳ್ಳುವಾಗಲೂ ನಾವು ನೀರು ಬೆರೆಸಿದ್ದಾರೋ ಎಂದು ನೋಡುತ್ತೇವೆ. ಇವನು ರಾಜ್ಯದ ಅನ್ನವನ್ನೇ ಕೊಡುವಾಗ ನೋಡಲಿಲ್ಲ. ಆಮೇಲೆ ಕನ್ನಡಿಯಲ್ಲಿ ಇಣುಕಿದ. ಅಲ್ಲಿ ಕೆಳಪೇಟೆಯವರೆಲ್ಲ ಸಾಲಾಗಿ ಕೂತು ಬಿಸಿ ಅನ್ನ ಉಣ್ಣುತ್ತಿದ್ದರು. ಹೇಮಾಂಗ ನೆಮ್ಮದಿಯಿಂದ ತಾನೂ ಉಂಡ.

ಮಾರನೆಯ ದಿನ ಸೂಲಗಿತ್ತಿ ಕೆಂಚವ್ವ ಮೆಟ್ಟಿಲು ಹತ್ತಿ ಬಂದಳು. ಮೇಗಿರಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳ ಮೈಯೆಲ್ಲ ಮಣ್ಣಾಗಿತ್ತು.

"ಬುದ್ಧಿ, ನಿನ್ನೆಯಿಂದ ಒಂದು ಅಗುಳು ಕಂಡಿಲ್ಲ ನಾವು. ಮಕ್ಕಳು ಅತ್ತು ಅತ್ತು ಸುಮ್ಮನಾಗವೆ."

"ಸುಳ್ಳು ಹೇಳಬೇಡ ಅವ್ವಾ! ನೋಡು ಇಲ್ಲಿ, ನೀನೇ ಉಣ್ಣುತ್ತಿದ್ದೀಯ."

ಕೆಂಚವ್ವ ಕನ್ನಡಿ ನೋಡಿದಳು. ಅದರೊಳಗಿನ ಕೆಂಚವ್ವ ಸಾರು ಕಲೆಸಿ ಉಣ್ಣುತ್ತಿದ್ದಳು.

"ಅವಳು ಉಂಡ್ರೆ ನನ್ ಹೊಟ್ಟೆ ತುಂಬ್ತದಾ ಬುದ್ಧಿ?" ಅಂದಳು.

ಹೇಮಾಂಗ ಕಣಜಕ್ಕೆ ಓಡಿದ. ಕಣಜ ಗುಡಿಸಿಟ್ಟಂತಿತ್ತು. ಭತ್ತ, ರಾಗಿ, ಬೇಳೆ ಎಲ್ಲ ಸಾಲುಗಟ್ಟಿ ತಾವೇ ನಡೆದು ಹೋಗಿ ಬೆಳ್ಗೊಡೆಯ ಕೆಳಗೆ ಮಾಯವಾಗಿದ್ದವು. ಮೃದುಹಾಸ ಕೊಡೆಯ ನೆರಳಲ್ಲಿ ಕಾಲು ಚಾಚಿ ಕೂತಿದ್ದ.

"ಸೈನಿಕರನ್ನು ಕರೆಯುತ್ತೇನೆ!" ಎಂದು ಹೇಮಾಂಗ ಕೂಗಿದ.

"ಕರೆಯಿರಿ," ಅಂದ ಮೃದುಹಾಸ. "ಬೀಗದ ಕೈ ಯಾರು ಕೊಟ್ಟರು ಎಂದು ಅವರು ಕೇಳುತ್ತಾರೆ. ಹೇಳಿ."

ಹೇಮಾಂಗ ಬಾಯಿ ಮುಚ್ಚಿದ ಕೂಡಲೇ ಕೊಡೆ ಒಂದು ಮೊಳ ಅಗಲವಾಯಿತು. ಬಚ್ಚಿಟ್ಟ ಮಾತು ತಿಂದು ಬೆಳೆಯುವ ಕೊಡೆ ಅದು.

ಅವನು ತಲೆ ತಗ್ಗಿಸಿಕೊಂಡು ಹೊರಗೆ ಬಂದ. ಬೀಗದ ಕೈಯ ವಿಷಯ ಕೆಂಚವ್ವನಿಗೆ ಹೇಳಲಿಲ್ಲ. "ಸಹಾಯ ತರುತ್ತೇನೆ," ಎಂದಷ್ಟೇ ಅಂದ.

"ಬಾವುಟ ಇಳಿಸಿದ್ರೆ ಅದಾಗೇ ಬರ್ತದೆ ಬುದ್ಧಿ."

"ನಾನೇ ಹೋಗಿ ತರುತ್ತೇನೆ," ಅಂದು, ಮಾಸಿದ ಅಂಗಿ ತೊಟ್ಟು, ಹಿಂಬಾಗಿಲಿನಿಂದ ಹೊರಟ. ನೋಡಿ, ಮಂದಿ ಮಣ್ಣಿನಡಿ ಗೋಡೆ ಬಡಿಯುತ್ತಿದ್ದಾರೆ, ಇವನಿಗೆ ಇನ್ನೂ ಹಿಂಬಾಗಿಲು ಬೇಕು.

ಮೊದಲು ಅವನು ಗಡಿಯಾಚೆಯ ಕೆಂಗಾಡು ಎಂಬ ಕಾಡಿಗೆ ಹೋದ. ಅಲ್ಲಿ ಮಾತಾಡುವ ಆನೆಗಳ ಹಿಂಡಿತ್ತು. ಎಲ್ಲಿ ಮನೆ ಕುಸಿದರೂ ಅವು ಹೋಗಿ ಕಲ್ಲು ಎತ್ತುತ್ತಿದ್ದವು. ಹಿಂಡಿನ ಹಿರಿಯಜ್ಜಿ ಆನೆಗೆ ಕಣ್ಣು ಮಂಜಾಗಿತ್ತು.

"ತಾಯೀ, ನಮ್ಮ ಊರು ಮಣ್ಣಿನಡಿ ಹೋಗಿದೆ. ಬಂದು ಎತ್ತಿಕೊಡಿ," ಎಂದ ಹೇಮಾಂಗ.

"ಎಷ್ಟು ಜನ ಒಳಗಿದ್ದಾರೆ?"

"ಬಹಳ ಜನ."

"ಎಲ್ಲಿದ್ದಾರೆ?"

"ಕೆಳಗೆ... ಪೇಟೆಯಲ್ಲಿ."

ಆನೆ ಸೊಂಡಿಲು ಕೆಳಗಿಟ್ಟಿತು. "ಮಗೂ, ನನ್ನ ಕಾಲು ಎಷ್ಟು ದಪ್ಪ ಇದೆ ನೋಡು. ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂದು ಗೊತ್ತಿಲ್ಲದೆ ಬಂದರೆ ಉಳಿದವರನ್ನೂ ತುಳಿದು ಬರುತ್ತೇನೆ. ಅವರ ಹೆಸರೇನು?"

ಹೇಮಾಂಗನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವರು ಹಿಂಡಿದ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡಿದ್ದ. ಅವನಿಗೆ ಬಹಳ ನಾಚಿಕೆಯಾಯಿತು.

ಅವನು ಬಂದ ದಾರಿಯಲ್ಲೇ ಓಡಿದ. ಆನೆಲಾಯದಲ್ಲಿ ಪ್ರತಿ ಮನೆಯವರ ಮುಂದೂ ಕೂತು ಕೇಳಿದ. ಕೆಂಚವ್ವ ಗುರುತು ಹೇಳಿಕೊಟ್ಟಳು. ಯಾರ ಮನೆ ಎಲ್ಲಿತ್ತು, ಗಾಣದ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ಒಳಗಿನ ಹದಿನಾಲ್ಕು ಜನ ಯಾರ್ಯಾರು. ಅವನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಮತ್ತೆ ಕಾಡಿಗೆ ಓಡಿ ಆನೆಗೆ ಒಪ್ಪಿಸಿದ.

"ಈಗ ಬರಬಹುದು," ಅಂದಿತು ಆನೆ. "ಆದರೆ ನಿನ್ನ ಕೋಟೆಯ ಮೇಲೆ ಹೊನ್ನಬಾವುಟ ಹಾರುತ್ತಿದೆಯಂತೆ. ಅದು ಇಳಿಯಲಿ. ಗಡಿಯಲ್ಲೇ ನಿಂತಿರುತ್ತೇವೆ."

ಹೇಮಾಂಗ ಮುಂದೆ ನಡೆದ. ಇನ್ನು ಅನ್ನ ಬೇಕಿತ್ತು. ಅನ್ನ ಬೇಯಿಸಿ ದೋಣಿಯಲ್ಲಿ ತಂದುಕೊಡಬಲ್ಲವರು ಹೊಳೆಯಾಚೆಯ ರಾಜ್ಯ ತೊರೆನಾಡಿನವರು ಮಾತ್ರ. ಅವರ ಹತ್ತಿರ ಮೂರು ಸಾವಿರ ಜನಕ್ಕೆ ಆಗುವ ಒಂದು ಮಾಯಾಕೊಪ್ಪರಿಗೆ ಇತ್ತು. ಆದರೆ ತೊರೆನಾಡಿನ ಹೆಸರು ತೆಗೆದರೆ ಸಾಕು, ಹೇಮಾಂಗನ ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಆರು ವರ್ಷದ ಹಿಂದೆ ತೊರೆನಾಡಿಗೆ ನೆರೆ ಬಂದಿತ್ತು. ಅವರು ಹರಕು ಸೀರೆ ಏರಿಸಿದ್ದರು. ಮಕ್ಕಳುಮರಿ ಕಟ್ಟಿಕೊಂಡು ಮೇಗಿರಿಯ ಹೆಬ್ಬಾಗಿಲಿಗೆ ಬಂದಿದ್ದರು. ಆ ದಿನ ಬಾಗಿಲ ಮೇಲೆ ನಿಂತವನು ಹದಿನಾರರ ಹೇಮಾಂಗ. ಇವರ ಕೆಸರುಗಾಲು ನಮ್ಮ ಬೀದಿಗೆ ಬೇಡ ಎಂದು ಬಾಗಿಲು ಹಾಕಿಸಿದ್ದ.

ತೊರೆನಾಡಿನ ಹಿರಿಯಳು ದೋಣಿ ನಡೆಸುವ ಬೋರಮ್ಮ. ಅವಳು ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಹೇಮಾಂಗ ತನ್ನ ಹೆಸರು ಹೇಳಿ ಅನ್ನ ಕೇಳಿದ.

"ಕೊಡಾಣ," ಅಂದಳು ಬೋರಮ್ಮ. "ಆದ್ರೆ ನಮ್ ಕೊಪ್ಪರಿಗೆದು ಒಂದು ಹಟ ಅದೆ. ಒಂದು ಮಾತು ಕೇಳ್ತದೆ. ದಿಟ ಹೇಳಿದ್ರೇ ಮುಚ್ಚಳ ತೆಗೀತದೆ."

ಕೊಪ್ಪರಿಗೆ ಗುಡುಗಿನ ದನಿಯಲ್ಲಿ ಕೇಳಿತು: "ಆ ದಿನ ಬಾಗಿಲು ಹಾಕಿಸಿದವರು ಯಾರು?"

"ನಮ್ಮ ಮಂತ್ರಿ," ಅಂದ ಹೇಮಾಂಗ. ಮುಚ್ಚಳ ಅಲುಗಲಿಲ್ಲ.

"ನಮ್ಮ ತಂದೆ," ಅಂದ. ಸತ್ತ ತಂದೆ ಬಂದು ಅಲ್ಲ ಎನ್ನುತ್ತಾನೆಯೇ! ಮುಚ್ಚಳ ಇನ್ನೂ ಬಿಗಿಯಾಯಿತು.

ಬೋರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಹಿಂದೆ ತೊರೆನಾಡಿನ ಜನ ಬಂದು ನಿಂತಿದ್ದರು. ಹೇಮಾಂಗನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು," ಅಂದ. "ನಾನೇ ಹಾಕಿಸಿದೆ."

ಮುಚ್ಚಳ ಹಾರಿ ಬಿತ್ತು. ಅನ್ನದ ಹಬೆ ಊರೆಲ್ಲ ಹರಡಿತು. ಬೋರಮ್ಮ ಬಿದ್ದ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟಳು.

"ನನ್ ಮೊಮ್ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಮೂರು ಜಾವ ನಿಂತಿದ್ದೆ ಆ ಬಾಗಿಲಲ್ಲಿ," ಅಂದಳು. "ಅದು ನಿನ್ ಮ್ಯಾಲೆ ನಂಗಿರೋ ಸಿಟ್ಟು, ಇದ್ದೇ ಇರ್ತದೆ. ಕೆಳಪೇಟೆ ಮಕ್ಕಳ ಹೊಟ್ಟೆ ಮ್ಯಾಲೆ ಯಾಕ್ ತೀರಿಸ್ಕೊಳ್ಳಲಿ? ಏಳು, ದೋಣಿ ಬಿಡ್ತೀನಿ. ನೀನು ಮಾತ್ರ ಹೋಗಿ ಆ ಬಾವುಟ ಇಳಿಸು."

ಅವಳು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಹೇಮಾಂಗ ಮುಖ ಮುಚ್ಚಿಕೊಂಡು ಅತ್ತ.

ಮೂರನೆಯ ದಿನ ಸಂಜೆಗೆ ಅವನು ಮೇಗಿರಿಗೆ ಬಂದ. ಕಾಡಿನ ಮುಳ್ಳಿಗೆ ಸಿಕ್ಕಿ ಅಂಗಿ ಹರಿದಿತ್ತು. ಈ ಸಲ ಹೆಬ್ಬಾಗಿಲಿನಿಂದಲೇ ಬಂದು ನೇರವಾಗಿ ಬಾವುಟದ ಕಂಬದ ಹತ್ತಿರ ಹೋದ. ಮೃದುಹಾಸ ಅಡ್ಡ ನಿಂತ. ಅವನ ಕೊಡೆ ಈಗ ಅರ್ಧ ಆಕಾಶದಷ್ಟಿತ್ತು.

"ಯೋಚಿಸಿ ರಾಜಕುಮಾರಾ. ಈಗ ಬೀಗದ ಕೈಯ ವಿಷಯ ಗೊತ್ತಿರುವುದು ನನಗೊಬ್ಬನಿಗೆ. ನಾನು ಯಾರಿಗೂ ಹೇಳುವುದಿಲ್ಲ. ಒಂದು ವಾರ ಕಳೆದರೆ ಗೋಡೆ ಬಡಿಯುವ ಸದ್ದೂ ನಿಲ್ಲುತ್ತದೆ. ಆಮೇಲೆ ಕೇಳುವವರು ಯಾರು?"

ಇದನ್ನು ಕೇಳಿ ಹೇಮಾಂಗನಿಗೆ ಹೇಸಿಗೆಯಾಯಿತು. ಮಾಂತ್ರಿಕನ ಮೇಲಲ್ಲ, ತನ್ನ ಮೇಲೆ. ಮೊದಲ ದಿನ ತಾನು ಬಯಸಿದ್ದೂ ಇದನ್ನೇ ತಾನೆ, ಯಾರೂ ಕೇಳದಿರಲಿ ಎಂದು.

ಅವನು ನಗಾರಿ ಬಾರಿಸಿದ. ಆನೆಲಾಯದಿಂದ ಜನ ತೆವಳುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂದರು. ತನ್ನ ತಪ್ಪನ್ನು ಅಪರಿಚಿತರ ಮುಂದೆ ಹೇಳುವುದು ಒಂದು ಕಷ್ಟ. ತಾನು ನೋಯಿಸಿದವರ ಮುಂದೆ ಹೇಳುವುದು ಇನ್ನೊಂದು ಕಷ್ಟ. ತನ್ನನ್ನು ನಂಬಿದವರ ಮುಂದೆ ಹೇಳುವುದಿದೆಯಲ್ಲ, ಅದು ಎಲ್ಲಕ್ಕಿಂತ ಕಷ್ಟ. ಮೊಣಕಾಲೂರಿ ಕೂತು ಹೇಳಿದ.

"ಕಣಜದ ಬೀಗದ ಕೈ ಇವನಿಗೆ ಕೊಟ್ಟವನು ನಾನು. ನೀವು ಹಸಿದಿದ್ದಾಗ ನಾನು ಉಂಡೆ. ಬಾವುಟ ಇಳಿಸಿದ್ದರೆ ಮೊದಲ ದಿನವೇ ಸಹಾಯ ಬರುತ್ತಿತ್ತು. ನಗುತ್ತಾರೆ ಎಂದು ಇಳಿಸಲಿಲ್ಲ."

ಒಬ್ಬ ಹೆಂಗಸು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೇರೆ ಕಡೆ ತಿರುಗಿದಳು.

ಹೇಮಾಂಗ ಎದ್ದು ಹೊನ್ನಬಾವುಟ ಇಳಿಸಿದ. ತನ್ನ ಹರಕು ಅಂಗಿ ಬಿಚ್ಚಿ ಹಗ್ಗಕ್ಕೆ ಕಟ್ಟಿ ಏರಿಸಿದ. ಅಂಗಿ ಮೇಲೇರುತ್ತಿದ್ದಂತೆ ಕೊಡೆ ಸುರುಟಿಕೊಂಡಿತು. ಭತ್ತ, ರಾಗಿ, ಬೇಳೆ ಮಳೆಯಂತೆ ಸುರಿದವು. ಮೇಗಿರಿಯದಷ್ಟೇ ಅಲ್ಲ, ಇನ್ನೂ ಎಷ್ಟೋ ಊರುಗಳಿಂದ ಮೃದುಹಾಸ ನುಂಗಿದ್ದ ಕಂಬಳಿ, ಪಾತ್ರೆ, ಔಷಧಿ ಎಲ್ಲ ಬಿದ್ದವು. ಮೃದುಹಾಸನ ಮಂತ್ರ ಹೋಯಿತು. ಅವನು ಕೊಡೆಯ ಕೋಲು ಹಿಡಿದ ಒಬ್ಬ ಕುಳ್ಳ ಮನುಷ್ಯನಾಗಿ ನಿಂತ. ಅವನಿಗೂ ಒಂದು ಎಲೆ ಹಾಕಿ ಉಣ್ಣಿಸಿದರು. ಉಂಡ ಮೇಲೆ ಮೂರು ಸಾವಿರ ಜನದ ಪಾತ್ರೆ ತೊಳೆಯಲು ಕೂರಿಸಿದರು. ಇನ್ನೂ ತೊಳೆಯುತ್ತಿದ್ದರೂ ಇರಬಹುದು.

ಗಡಿಯಲ್ಲಿ ಕಾದಿದ್ದ ಆನೆಗಳು ಓಡಿ ಬಂದವು. ತೊರೆನಾಡಿನ ದೋಣಿಗಳು ಬಂದವು. ಹರಕು ಅಂಗಿ ಕಂಡು, ಯಾರೂ ಕರೆಯದ ಇನ್ನೂ ಐದು ರಾಜ್ಯದವರು ಗುದ್ದಲಿ, ಚಾಪೆ, ಔಷಧಿ ಹಿಡಿದು ಬಂದರು. ಒಬ್ಬರೂ ನಗಲಿಲ್ಲ. ಹಿರಿಯಜ್ಜಿ ಆನೆ ಹೇಮಾಂಗ ಹೇಳಿದ ಗುರುತಿನಲ್ಲೇ ಕಾಲಿಟ್ಟು, ಬಂಡೆ ಸರಿಸಿ, ಗಾಣದ ಮನೆಯ ಬಾಗಿಲು ತೆರೆಯಿತು. ಹದಿನಾಲ್ಕು ಜನವೂ ಬದುಕಿದ್ದರು. ಎಳ್ಳಿನ ಹಿಂಡಿ ತಿಂದು, ಗೋಡೆಯಲ್ಲಿ ಜಿನುಗಿದ ನೀರು ನೆಕ್ಕಿ ಉಳಿದಿದ್ದರು.

ಕಡೆಯವನಾಗಿ ಗಾಣದ ಚಿಕ್ಕೀರಯ್ಯ ಬಂದ. ಅವನ ಬಲಗೈ ತೊಲೆಯಡಿ ಸಿಕ್ಕಿ ಕಪ್ಪಾಗಿತ್ತು. ತೊರೆನಾಡಿನ ವೈದ್ಯೆ ನೋಡಿ ತಲೆ ಆಡಿಸಿದಳು. "ಮೊದಲ ದಿನವೇ ಹೊರಗೆ ತೆಗೆದಿದ್ದರೆ ಕೈ ಉಳಿಯುತ್ತಿತ್ತು," ಅಂದಳು.

ಹೊರಗೆ ಏನು ನಡೆದಿದೆ ಎಂದು ಚಿಕ್ಕೀರಯ್ಯನಿಗೆ ಗೊತ್ತಿರಲಿಲ್ಲ. ಬರಿಮೈಯಲ್ಲಿ ಮಣ್ಣು ಹೊರುತ್ತಿದ್ದ ರಾಜಕುಮಾರನನ್ನು ಕಂಡು ಅವನ ಕಣ್ಣು ತುಂಬಿತು. ಎಡಗೈಯಿಂದ ಅವನ ಕಾಲು ಮುಟ್ಟಿದ.

"ನಿಮ್ಮಿಂದ ಬದುಕಿದ್ವಿ ಬುದ್ಧಿ. ನಮ್ ದೊರೆ ನಮ್ಮನ್ನ ಬಿಡಾಕಿಲ್ಲ ಅಂತ ಒಳಗೆ ಎಲ್ಲಾರ್ಗೂ ಹೇಳ್ತಾನೇ ಇದ್ದೆ."

ಸುತ್ತ ಇದ್ದವರು ಯಾರೂ ನಿಜ ಹೇಳುವ ಹಾಗೆ ಕಾಣಲಿಲ್ಲ. ಹೇಮಾಂಗ ಅವನ ಪಕ್ಕ ನೆಲದ ಮೇಲೆ ಕೂತು, ಇನ್ನೊಂದು ಸಲ ಎಲ್ಲವನ್ನೂ ಮೊದಲಿನಿಂದ ಹೇಳಿದ. ಕೈಯ ವಿಷಯವನ್ನೂ ಹೇಳಿದ.

ಚಿಕ್ಕೀರಯ್ಯ ಬಹಳ ಹೊತ್ತು ತನ್ನ ಬಲಗೈ ನೋಡಿಕೊಂಡ. ಆಮೇಲೆ ಎಡಗೈಯನ್ನು ರಾಜಕುಮಾರನ ಕಾಲಿನಿಂದ ತೆಗೆದ.

"ನೀರು ಕೊಡಿ," ಅಂದ.

ಹೇಮಾಂಗ ನೀರು ತಂದು ಕುಡಿಸಿದ. ಅವತ್ತಿಗೆ ಅಷ್ಟೇ.

ಆಮೇಲೆ ಕೆಳಪೇಟೆ ಮತ್ತೆ ಎದ್ದಿತು, ಈ ಸಲ ಬಂಡೆಯ ಮೇಲೆ. ಮೇಗಿರಿಯ ಹೆಬ್ಬಾಗಿಲು ಮತ್ತೆ ಯಾರಿಗೂ ಮುಚ್ಚಲಿಲ್ಲ. ಮಕ್ಕಳು ಉಂಡು ಬೆಳೆದರು, ಹಿರಿಯರು ನೆಮ್ಮದಿಯಿಂದ ಮಲಗಿದರು, ಬೆಟ್ಟವೂ ಮಲಗಿತು. ಎಲ್ಲರೂ ಸುಖವಾಗಿದ್ದರು. ಹೇಮಾಂಗನೂ ದೊರೆಯಾಗಿ ಸುಖವಾಗಿಯೇ ಇದ್ದ. ಆದರೆ ದಿನಾ ಬೆಳಿಗ್ಗೆ ಮೇಗಿರಿಯ ಗಾಣವನ್ನು ಅವನೇ ಹೂಡುತ್ತಿದ್ದ, ಚಿಕ್ಕೀರಯ್ಯ ಪಕ್ಕದಲ್ಲಿ ಕೂತು ಎತ್ತು ಹೊಡೆಯುತ್ತಿದ್ದ. ಏಳು ವರ್ಷ ಇಬ್ಬರೂ ಹಾಗೇ ದುಡಿದರು. ಎಂಟನೆಯ ವರ್ಷ ಒಂದು ದಿನ ಚಿಕ್ಕೀರಯ್ಯ ತನ್ನ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು, ಅವನ ಕಡೆ ನೋಡದೆಯೇ ಚಾಚಿದ.

ದೊರೆ ಎರಡೂ ಕೈ ಒಡ್ಡಿ ಇಸಿದುಕೊಂಡ.